ಗಿಡ ಬಾಡಿದೆಯಾ? ಮೊದಲು ಮಣ್ಣು ಮುಟ್ಟಿ ನೋಡಿ

"ದಿನಾ ನೀರು ಹಾಕ್ತಾ ಇದ್ದೀನಿ, ಆದ್ರೂ ಗಿಡ ಬಾಡ್ತಾ ಇದೆ." ಮನೆಯೊಳಗಿನ ಗಿಡಗಳ ಬಗ್ಗೆ ನನ್ನನ್ನು ಕೇಳುವವರಲ್ಲಿ ಜಾಸ್ತಿ ಜನ ಮಾತು ಶುರು ಮಾಡುವುದೇ ಹೀಗೆ. ಕಾರಣವನ್ನೂ ಅವರೇ ಹೇಳಿರುತ್ತಾರೆ, ಗಮನಿಸಿರುವುದಿಲ್ಲ ಅಷ್ಟೇ.

ನೀರು ಕಡಿಮೆಯಾದರೂ ಎಲೆ ಜೋತು ಬೀಳುತ್ತದೆ, ಜಾಸ್ತಿಯಾದರೂ ಬೀಳುತ್ತದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಆಮೇಲೆ ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ಒದ್ದೆ ಮಣ್ಣಿನಲ್ಲಿದ್ದೇ ಗಿಡ ಒಣಗುತ್ತದೆ. ನಾವು ಪಾಪ ಅಂತ ಇನ್ನೊಂದು ಮಗ್ ಸುರಿಯುತ್ತೇವೆ.

ಅದಕ್ಕೇ ಎಲೆ ನೋಡಿ ತೀರ್ಮಾನ ಮಾಡಬೇಡಿ. ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ. ಮೇಲ್ಮಣ್ಣು ಒಣಗಿದ್ದರೂ ಒಳಗೆ ಹಸಿ ಇರಬಹುದು. ಕುಂಡ ಎತ್ತಿ ತೂಕ ನೋಡುವುದು ಇನ್ನೂ ಒಳ್ಳೆಯದು, ನಾಲ್ಕು ಸಲ ಎತ್ತಿದರೆ ಕೈಗೇ ಗೊತ್ತಾಗುತ್ತದೆ. ಮಣ್ಣು ಒದ್ದೆ, ಕೆಳಗಿನ ಎಲೆ ಹಳದಿ, ಕಾಂಡದ ಬುಡ ಮೆತ್ತಗೆ, ಪುಟ್ಟ ನೊಣಗಳ ಹಾರಾಟ ಅಂದರೆ ನೀರು ಜಾಸ್ತಿ. ಕುಂಡ ಹಗುರ, ಎಲೆಯಂಚು ಗರಿಗರಿ ಅಂದರೆ ಕಡಿಮೆ. ಪೂರ್ತಿ ಒಣಗಿದ ಕುಂಡದ ಮಣ್ಣು ಎಷ್ಟೋ ಸಲ ಬೇಗ ನೀರು ಹೀರುವುದಿಲ್ಲ, ಸುರಿದದ್ದು ಅಂಚಿನಿಂದ ಜಾರಿ ತಳಕ್ಕೆ ಹೋಗುತ್ತದೆ. ಆಗ ಕುಂಡವನ್ನೇ ಅರ್ಧ ಗಂಟೆ ನೀರಿನ ಬಕೆಟ್‌ನಲ್ಲಿ ಕೂರಿಸಿ, ತೆಗೆದು ಸೋರಲು ಬಿಡಿ.

ಈಗ ಅಸಲು ವಿಷಯ. ಗಿಡಕ್ಕೆ ಎಷ್ಟು ನೀರು ಬೇಕು ಅಂತ ಹೇಳುವುದು ಕ್ಯಾಲೆಂಡರ್ ಅಲ್ಲ, ಬಹುಪಾಲು ಬೆಳಕು. ಕಿಟಕಿ ಪಕ್ಕದ ಮನಿ ಪ್ಲಾಂಟ್ ಕುಡಿದಷ್ಟು ನೀರನ್ನು ಮೂಲೆಯಲ್ಲಿರುವ ಮನಿ ಪ್ಲಾಂಟ್ ಕುಡಿಯುವುದಿಲ್ಲ. "ವಾರಕ್ಕೆ ಎರಡು ಸಲ" ಎನ್ನುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವ ಹಾಗಿಲ್ಲ, ಮಬ್ಬಿಗೆ ಅದು ಸುಮ್ನೆ ಹೊಂದಿಕೊಂಡುಬಿಡುತ್ತದೆ. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಮಾನದಲ್ಲಿ. ಹೊರಗೆ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಕಿಟಕಿಯಿಂದ ಎರಡು ಮೂರು ಮೀಟರ್ ಒಳಗೆ ಬಂದರೆ ಎಷ್ಟೋ ಕೋಣೆಗಳಲ್ಲಿ ಕೆಲವು ನೂರು ಲಕ್ಸ್ ಮಾತ್ರ. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಷ್ಟು ನಿಖರ ಅಲ್ಲ, ಆದರೆ ಎರಡು ಜಾಗ ಹೋಲಿಸಲು ಸಾಕು. ಗೆಣ್ಣುಗಳ ನಡುವೆ ಅಂತರ ಉದ್ದವಾಗುತ್ತಾ, ಹೊಸ ಎಲೆ ಚಿಕ್ಕದಾಗುತ್ತಾ, ಗಿಡ ಒಂದೇ ಕಡೆ ವಾಲುತ್ತಿದ್ದರೆ ಬೆಳಕು ಸಾಲದು. ಸ್ನೇಕ್ ಪ್ಲಾಂಟ್ ಕಡಿಮೆ ಬೆಳಕಲ್ಲಿ ಬೆಳೆಯುತ್ತದೆ ಅನ್ನುತ್ತಾರಲ್ಲ, ಬೆಳೆಯುವುದಕ್ಕಿಂತ ಸಹಿಸಿಕೊಳ್ಳುತ್ತದೆ ಅನ್ನುವುದೇ ಸರಿ. ಹಾಗಂತ ತಕ್ಷಣ ಬಿಸಿಲಿಗೆ ಇಡಬೇಡಿ, ಎಲೆ ಸುಟ್ಟು ಬಿಳಿ ಕಲೆ ಬೀಳುತ್ತದೆ. ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಸರಿಸಿ.

ಬೇರು ಕೊಳೆತ ಅನುಮಾನವಿದ್ದರೆ ಗಿಡವನ್ನು ಹೊರಗೆ ತೆಗೆದು ನೋಡಲೇಬೇಕು. ಗಟ್ಟಿಯಾಗಿರುವ ಬೇರನ್ನು ಉಳಿಸಿ. ಲೊಳಲೊಳ ಆಗಿ ಕೆಟ್ಟ ವಾಸನೆ ಬರುವುದನ್ನೆಲ್ಲ ಕತ್ತರಿಸಿ, ಉಳಿದ ಬೇರಿಗೆ ತಕ್ಕಷ್ಟೇ ದೊಡ್ಡ ಕುಂಡದಲ್ಲಿ, ಪರ್ಲೈಟ್ (ಮಣ್ಣನ್ನು ಸಡಿಲವಾಗಿಡುವ ಹಗುರವಾದ ಬಿಳಿ ಹರಳು) ಬೆರೆಸಿದ ಹೊಸ ಮಣ್ಣಿನಲ್ಲಿ ನೆಡಿ. ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಕುಂಡಕ್ಕೆ ಜಲ್ಲಿ ಹಾಕಿದರೆ ನೀರು ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಹಳದಿಯಾದ ಎಲೆ ಮತ್ತೆ ಹಸಿರಾಗುವುದು ಅಪರೂಪ, ಅದನ್ನು ಕಾಯಬೇಡಿ. ಹೊಸ ಚಿಗುರು ಬರುವ ತನಕ ಗೊಬ್ಬರದ ಸುದ್ದಿಗೂ ಹೋಗಬೇಡಿ.