ಯಾವ ಊರು ಎಂದು ಕೇಳುವ ಮೊದಲು ತಾರೀಕು ನೋಡಿ

ಪ್ರಶ್ನೆ: ಡಿಸೆಂಬರ್ 24ಕ್ಕೆ ಬೆಂಗಳೂರಿನಿಂದ ಹೊರಟು ಹೊಸ ವರ್ಷಕ್ಕೆ ವಾಪಸ್ ಬರುವ ಯೋಚನೆ ಇದೆ. ನಾವಿಬ್ಬರು, ಎಂಟು ವರ್ಷದ ಮಗ, ನಮ್ಮಮ್ಮ. ಕ್ರಿಸ್‌ಮಸ್ ಮಾರ್ಕೆಟ್ ನೋಡೋಕೆ ಜರ್ಮನಿಯಲ್ಲಿ ಯಾವ ಊರು ಒಳ್ಳೇದು? ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಉತ್ತರ: ನ್ಯೂರೆಂಬರ್ಗ್. ಆದರೆ ನೀವು ಬರೆದಿರುವ ತಾರೀಕಿಗಲ್ಲ.

ದಸರಾ ಮುಗಿದು ವರ್ಷಾಂತ್ಯದ ರಜೆಯ ಲೆಕ್ಕ ಶುರುವಾಯಿತೆಂದರೆ ನನಗೆ ಈ ಪ್ರಶ್ನೆ ಬರಲೇಬೇಕು. ಕೇಳುವವರು ಬೇರೆ ಬೇರೆ, ತಾರೀಕು ಮಾತ್ರ ಒಂದೇ. ಮಕ್ಕಳ ಶಾಲೆಗೆ ರಜೆ, ಆಫೀಸಿನಲ್ಲೂ ಆಗ ರಜೆ ಸುಲಭವಾಗಿ ಸಿಗುತ್ತದೆ, ಒಪ್ಪುತ್ತೇನೆ. ಆದರೂ ಎಷ್ಟನೇ ಸಲವೋ ಏನೋ, ಮತ್ತೆ ಹೇಳುತ್ತೇನೆ: ಕ್ರಿಸ್‌ಮಸ್ ಮಾರ್ಕೆಟ್ ಎಂದರೆ ಕ್ರಿಸ್‌ಮಸ್ ದಿನ ನಡೆಯುವ ಜಾತ್ರೆಯಲ್ಲ. ಹಬ್ಬ ಬರುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ.

ಗೌರಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್‌ಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಳೆಕಂದು, ಬಾಗಿನದ ಮೊರ, ರಾಶಿ ರಾಶಿ ಸೇವಂತಿಗೆ, ಕಾಲಿಡಲು ಜಾಗವಿಲ್ಲ. ಗಣೇಶನನ್ನು ಕೂರಿಸಿದ ಮಾರನೇ ದಿನ ಅಲ್ಲಿಗೆ ಹೋಗಿ ಹೂವಿನ ಸಂತೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಜರ್ಮನ್ನರ ಮಾರ್ಕೆಟ್ಟೂ ಹಾಗೆಯೇ, ಹಬ್ಬಕ್ಕೆ ಮುಂಚಿನದು. ಕ್ರಿಸ್‌ಮಸ್‌ಗೆ ಮೊದಲು ಬರುವ ನಾಲ್ಕು ಭಾನುವಾರಗಳ ಕಾಲಕ್ಕೆ ಅಡ್ವೆಂಟ್ ಎಂದು ಹೆಸರು. ಮನೆಮನೆಯಲ್ಲೂ ಹಸಿರು ಕೊಂಬೆಗಳನ್ನು ಸುತ್ತಿ ಮಾಡಿದ ಬಳೆಯ ಮೇಲೆ ನಾಲ್ಕು ಮೇಣದ ಬತ್ತಿ ಇಟ್ಟು, ಭಾನುವಾರಕ್ಕೊಂದರಂತೆ ಹೆಚ್ಚಿಸಿ ಹಚ್ಚುತ್ತಾರೆ. ಮಾರ್ಕೆಟ್ ಆ ಕಾಯುವ ದಿನಗಳದ್ದು.

ಲೆಕ್ಕ ನೀವೇ ಹಾಕಬಹುದು. ಡಿಸೆಂಬರ್ 25ರಿಂದ ಹಿಂದಕ್ಕೆ ನಾಲ್ಕು ಭಾನುವಾರ ಎಣಿಸಿ. ಸಿಗುವುದೇ ಮೊದಲ ಅಡ್ವೆಂಟ್. ಯಾವ ವರ್ಷವಾದರೂ ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೇ ಬೀಳುತ್ತದೆ. 2026ರಲ್ಲಿ ನವೆಂಬರ್ 29. ನ್ಯೂರೆಂಬರ್ಗ್ ಮಾರ್ಕೆಟ್ ಅದರ ಹಿಂದಿನ ಶುಕ್ರವಾರ ತೆರೆಯುತ್ತದೆ. ಬೇರೆ ಬಹುಪಾಲು ಊರುಗಳಲ್ಲಿ ಅದೇ ವಾರದ ಸೋಮವಾರದಿಂದಲೇ ಶುರು. ಅದರ ಹಿಂದಿನ ಭಾನುವಾರ ತೀರಿಕೊಂಡವರನ್ನು ನೆನೆಯುವ ದಿನ, ಅದು ಕಳೆಯಲಿ ಎಂದು ಕಾಯುತ್ತಾರೆ. ಇನ್ನು ಮುಗಿಯುವುದು: ಫ್ರಾಂಕ್‌ಫರ್ಟ್‌ನಲ್ಲಿ 22ರ ಆಸುಪಾಸು, ಕೊಲೋನ್ ಕತೀಡ್ರಲ್ ಎದುರಿನದು 23ಕ್ಕೆ, ನ್ಯೂರೆಂಬರ್ಗ್ ಮತ್ತು ಡ್ರೆಸ್ಡೆನ್‌ನಲ್ಲಿ 24ರ ಮಧ್ಯಾಹ್ನಕ್ಕೆ. ನೀವು 24ಕ್ಕೆ ವಿಮಾನ ಹತ್ತಿದರೆ ಇಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಬಾಗಿಲು ಹಾಕಿರುತ್ತದೆ. 25 ಮತ್ತು 26 ಎರಡೂ ಸರ್ಕಾರಿ ರಜೆ; ಅಂಗಡಿ, ಸೂಪರ್ ಮಾರ್ಕೆಟ್ ಬಹುತೇಕ ಯಾವುದೂ ತೆರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಅತ್ತಿಗೆಯ ತಂಗಿಯ ಸಂಸಾರ ಹೀಗೆಯೇ 25ಕ್ಕೆ ಫ್ರಾಂಕ್‌ಫರ್ಟ್‌ಗೆ ಬಂದಿಳಿಯಿತು. ಟಿಕೆಟ್ ಆದ ಮೇಲೆ ನನಗೆ ತಿಳಿಸಿದ್ದರು. ಮಾರನೇ ದಿನ ರೋಮರ್‌ಬರ್ಗ್ ಚೌಕಕ್ಕೆ ಕರೆದುಕೊಂಡು ಹೋದೆ. ಮಧ್ಯದಲ್ಲಿ ತಕ್ಕಡಿ ಹಿಡಿದ ನ್ಯಾಯದೇವತೆಯ ಕಾರಂಜಿ, ಸುತ್ತ ಒದ್ದೆ ಕಲ್ಲುಹಾಸು, ಅಷ್ಟೇ. ಮಗು ಫೋನಿನಲ್ಲಿದ್ದ ಫೋಟೊವನ್ನೂ ಚೌಕವನ್ನೂ ಮತ್ತೆ ಮತ್ತೆ ನೋಡಿ, "ಇದೇ ಜಾಗನಾ ದೊಡ್ಡಪ್ಪ?" ಎಂದಿತು. ಮನೆಗೆ ಕರೆತಂದು ಚಿತ್ರಾನ್ನ ಕಲಸಿ ಬಡಿಸಿದೆ. ಆವತ್ತಿನಿಂದ ಊರಿನ ಮಾತಿಗೆ ಮೊದಲು ತಾರೀಕಿನ ಮಾತಾಡುತ್ತೇನೆ.

"28ಕ್ಕೆ ಮಾರ್ಕೆಟ್ ಇದ್ದ ವಿಡಿಯೊ ನೋಡಿದ್ದೇವೆ" ಎನ್ನುವವರೂ ಇದ್ದಾರೆ. ವಿಡಿಯೊ ಹಾಕಿದ ದಿನ ಬೇರೆ, ತೆಗೆದ ದಿನ ಬೇರೆ ಇರಬಹುದು. ಹೌದು, ಬರ್ಲಿನ್‌ನ ಕೆಲವು ಮಾರ್ಕೆಟ್‌ಗಳು ವರ್ಷಾಂತ್ಯದವರೆಗೆ ನಡೆಯುತ್ತವೆ, ಕೊಲೋನ್‌ನ ಹೊಯ್‌ಮಾರ್ಕ್ಟ್ ಚೌಕದ್ದು ಜನವರಿಯ ಮೊದಲ ದಿನಗಳವರೆಗೂ ಇರುತ್ತದೆ. ರಜೆ ಬದಲಾಯಿಸಲು ಸಾಧ್ಯವೇ ಇಲ್ಲದವರು ಬರ್ಲಿನ್‌ಗೆ ಹೋಗಿ. ಆದರೆ ಸಾವಿರಾರು ಕಿಲೋಮೀಟರ್ ಹಾರಿ ಬರುವವರು ಹಬ್ಬ ಕಳೆದ ಮೇಲೆ ಉಳಿದದ್ದನ್ನು ನೋಡಿ ಹೋಗುವುದು ನನಗೆ ಇಷ್ಟವಿಲ್ಲ. ಮಗನಿಗೆ ನಾಲ್ಕು ದಿನ ಶಾಲೆ ತಪ್ಪಿಸಿ, ಡಿಸೆಂಬರ್ ಮೊದಲ ಅಥವಾ ಎರಡನೇ ವಾರ ಬನ್ನಿ. ಶನಿವಾರ, ಭಾನುವಾರ ನೂಕುನುಗ್ಗಲು. ಸೋಮವಾರದಿಂದ ಗುರುವಾರ ನೆಮ್ಮದಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, ಕೊನೆಯ ಘಳಿಗೆಗೆ ಇಟ್ಟುಕೊಳ್ಳಬೇಡಿ.

ಈಗ ಊರು. ನ್ಯೂರೆಂಬರ್ಗ್ ಏಕೆಂದರೆ ಕೋಟೆಗೋಡೆಯೊಳಗಿನ ಹಳೇ ಪಟ್ಟಣವನ್ನು ನಡೆದೇ ನೋಡಬಹುದು, ರೈಲು ನಿಲ್ದಾಣದಿಂದ ಮಾರ್ಕೆಟ್‌ಗೆ ಕಾಲು ಗಂಟೆಯ ನಡಿಗೆ ಸಾಕು. ಬೆಂಗಳೂರಿನಿಂದ ನೇರ ವಿಮಾನ ಇರುವ ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಫ್ರಾಂಕ್‌ಫರ್ಟ್‌ನಿಂದ ಎರಡು ಗಂಟೆ ಚಿಲ್ಲರೆ. ಫ್ರೌಎನ್‌ಕಿರ್ಖ ಚರ್ಚಿನ ಎದುರು ಸಾಲು ಸಾಲು ಮರದ ಮಳಿಗೆಗಳು, ಮೇಲೆ ಕೆಂಪು ಬಿಳಿ ಪಟ್ಟೆಯ ಬಟ್ಟೆ. ಎರಡು ವರ್ಷಕ್ಕೊಮ್ಮೆ ಊರಿನ ಒಬ್ಬ ಹುಡುಗಿಯನ್ನು 'ಕ್ರಿಸ್ಟ್‌ಕಿಂಡ್' ಎಂದು ಆರಿಸುತ್ತಾರೆ. ಬಂಗಾರದ ಕಿರೀಟ ತೊಟ್ಟು ಚರ್ಚಿನ ಮೊಗಸಾಲೆಯ ಮೇಲೆ ನಿಂತು ಮಾರ್ಕೆಟ್ ತೆರೆಯುವವಳು ಅವಳೇ. ಪಕ್ಕದ ಹಾನ್ಸ್ ಝಾಕ್ಸ್ ಚೌಕದಲ್ಲಿ ಮಕ್ಕಳಿಗೇ ಬೇರೆ ಮಾರ್ಕೆಟ್, ತಿರುಗುವ ಕುದುರೆಗಳು. ನಿಮ್ಮ ಮಗನಿಗೆ ಸರಿಯಾದ ಜಾಗ. ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ದೀಪದ ಚೆಂದ ನೋಡಲು ಮಗು ತೂಕಡಿಸುವವರೆಗೆ ಕಾಯಬೇಕಿಲ್ಲ.

ಅಮ್ಮನಿಗೆ ನಡೆಯುವುದು ಕಷ್ಟವಾದರೆ ಕೊಲೋನ್. ರೈಲು ನಿಲ್ದಾಣದ ಬಾಗಿಲಲ್ಲೇ ಕತೀಡ್ರಲ್, ಅದರ ಬುಡದಲ್ಲೇ ಮಾರ್ಕೆಟ್. ರೋಥೆನ್‌ಬುರ್ಗ್ ಫೋಟೊದಲ್ಲಿ ಚೆಂದ ಕಾಣುವಷ್ಟೇ ಎದುರಿಗೂ ಚೆಂದ, ಆದರೆ ಪುಟ್ಟ ಊರು, ನ್ಯೂರೆಂಬರ್ಗ್‌ನಲ್ಲಿ ಉಳಿದು ಒಂದು ದಿನ ಹೋಗಿ ಬಂದರೆ ಸಾಕು. ನಾಲ್ಕು ದಿನದಲ್ಲಿ ಐದು ಊರಿನ ಪಟ್ಟಿ ಮಾಡಿಕೊಂಡು ಬರಬೇಡಿ, ರೈಲೇ ನೋಡಿದ ಹಾಗಾಗುತ್ತದೆ.

ಅಮ್ಮನ ಊಟ: ಕೆಂಡದಲ್ಲಿ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಎಲ್ಲೆಡೆ ಸಿಗುತ್ತವೆ. ಸೇಬಿನ ಗೊಜ್ಜಿನೊಂದಿಗೆ ಕೊಡುವ ಆಲೂಗಡ್ಡೆ ದೋಸೆಯಂಥದ್ದಕ್ಕೆ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ, ಮಸಾಲೆ ಬಿಸ್ಕತ್ತಿನಂಥ ಲೇಬ್‌ಕೂಖನ್‌ಗೂ ಅಷ್ಟೇ. "ಓನೆ ಆಯ್?" ಎಂದು ಕೇಳಿ, ಮೊಟ್ಟೆ ಇಲ್ಲವೇ ಎಂದರ್ಥ. ಮಗನಿಗೆ ಬಿಸಿ ವೈನ್ ಬದಲು ಕಿಂಡರ್‌ಪುನ್ಶ್ ಕೊಡಿಸಿ, ಹಣ್ಣಿನ ರಸದ್ದು, ಮದ್ಯವಿಲ್ಲ. ಪಾನೀಯ ಕೊಡುವ ಪಿಂಗಾಣಿ ಮಗ್ಗಿಗೆ ಕೆಲವು ಯೂರೊ ಠೇವಣಿ ಹಿಡಿಯುತ್ತಾರೆ. ಮರಳಿಸಿದರೆ ದುಡ್ಡು ವಾಪಸ್, ಇಷ್ಟವಾದರೆ ಮಗ್ ನಿಮ್ಮದೇ.

ಡ್ರೆಸ್ಡೆನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಅಲ್ಲಿನ ಮಾರ್ಕೆಟ್ 1434ರಷ್ಟು ಹಳೆಯದು, ಹೆಸರು ಸ್ಟ್ರೀಟ್ಸೆಲ್‌ಮಾರ್ಕ್ಟ್. ಸ್ಟ್ರೀಟ್ಸೆಲ್ ಎಂದರೆ ಈಗ ಸ್ಟೊಲ್ಲೆನ್ ಎನ್ನುವ ಹಬ್ಬದ ಬ್ರೆಡ್ಡಿಗಿದ್ದ ಹಳೇ ಹೆಸರು. ಇವತ್ತು ಅದರಲ್ಲಿ ಬೆಣ್ಣೆ ಸುರಿಯುತ್ತದೆ, ಆಗ ಒಂದು ಹನಿಯೂ ಇರಲಿಲ್ಲ. ಅಡ್ವೆಂಟ್ ಆಗ ಉಪವಾಸದ ಕಾಲ. ನಮ್ಮ ಧನುರ್ಮಾಸದಂತೆ, ದೊಡ್ಡ ಹಬ್ಬದ ಮುಂಚಿನ ನೇಮದ ದಿನಗಳು. ಬೆಣ್ಣೆ, ಹಾಲು ನಿಷಿದ್ಧ; ಹಿಟ್ಟು, ನೀರು, ಎಣ್ಣೆಯಲ್ಲೇ ಬ್ರೆಡ್ ಬೇಯಿಸಬೇಕಿತ್ತು. ಒಳ್ಳೆಯ ಎಣ್ಣೆ ಅಲ್ಲಿ ದುರ್ಲಭ. ಸ್ಯಾಕ್ಸನಿಯ ಅರಸರು ಪೋಪ್‌ಗೆ ಮೊರೆಯಿಟ್ಟರು. 1491ರಲ್ಲಿ ಎಂಟನೇ ಇನೊಸೆಂಟ್ ಬೆಣ್ಣೆ ಬಳಸಲು ಅನುಮತಿ ಕೊಟ್ಟ. ಆ ಪತ್ರಕ್ಕೆ ಇಂದಿಗೂ 'ಬೆಣ್ಣೆ ಪತ್ರ' ಎಂದೇ ಹೆಸರು. ಉಪವಾಸ ಈಗ ಯಾರ ನೆನಪಿನಲ್ಲೂ ಇಲ್ಲ, ಆದರೆ ಮಾರ್ಕೆಟ್ ಇವತ್ತಿಗೂ ಹಬ್ಬದ ಹೊಸ್ತಿಲಲ್ಲೇ ನಿಲ್ಲುತ್ತದೆ.

ಸ್ಟೊಲ್ಲೆನ್ ಬೇರೆ ಊರುಗಳಲ್ಲೂ ಸಿಗುತ್ತದೆ, ಊರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸಿರುತ್ತಾರೆ, ಅಮ್ಮನಿಗೆ ಕೊಡುವ ಮುಂಚೆ ಪೊಟ್ಟಣದ ಮೇಲಿನ ಪಟ್ಟಿ ಓದಿ. ಕತ್ತರಿಸುವಾಗ ತುದಿಯಿಂದ ಶುರು ಮಾಡಬೇಡಿ. ನಡುವೆ ಕೊಯ್ದು ಬೇಕಾದಷ್ಟು ಹೋಳು ತೆಗೆದು, ಉಳಿದ ಎರಡು ತುಂಡುಗಳ ಮುಖ ಕೂಡಿಸಿ ಸುತ್ತಿಡಿ, ಒಣಗುವುದಿಲ್ಲ.