ತೂಕದ ಮಷಿನ್‌ಗೆ ಕಾಣದ ಸ್ನಾಯು

"ಈ ವಯಸ್ಸಲ್ಲಿ ಆಪರೇಷನ್ ತಡ್ಕೋತಾರಾ ಡಾಕ್ಟ್ರೇ?" ಮನೆಯವರು ಮೊದಲು ಕೇಳುವುದು ಇದನ್ನೇ. ಡಾಕ್ಟರು ಬಿಪಿ, ಶುಗರ್, ಇಸಿಜಿ ನೋಡುತ್ತಾರೆ. ಮೈಯಲ್ಲಿ ಸ್ನಾಯು ಎಷ್ಟು ಉಳಿದಿದೆ ಅನ್ನುವುದು ಈ ಪಟ್ಟಿಗೆ ಸೇರಲು ಬಹಳ ಕಾಲ ಹಿಡಿಯಿತು.

ಸುಳಿವು 1936ರಲ್ಲೇ ಸಿಕ್ಕಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಸರ್ಜನ್ ಹೈರಮ್ ಸ್ಟಡ್ಲಿ, ಹೊಟ್ಟೆಹುಣ್ಣಿನ ಆಪರೇಷನ್ ಆದವರ ಲೆಕ್ಕ ತೆಗೆದರು. ಮೊದಲೇ ತೂಕದ ಐದನೇ ಒಂದು ಪಾಲು ಕಳೆದುಕೊಂಡಿದ್ದವರಲ್ಲಿ ಶೇ 33 ಜನ ತೀರಿಕೊಂಡಿದ್ದರು. ಉಳಿದವರಲ್ಲಿ ಬರೀ ಶೇ 3.5. ಅವರ ಪಟ್ಟಿಯಲ್ಲಿ ಐವತ್ತು ರೋಗಿಗಳೂ ಇರಲಿಲ್ಲ, ನಿಜ. ಆದರೂ ಎಂಥ ಅಂತರ!

ತೂಕದ ಮಷಿನ್‌ಗೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ. ಎತ್ತರ, ತೂಕ ಸೇರಿಸಿ ಲೆಕ್ಕ ಹಾಕುವ ಬಿಎಂಐ ಹಣೆಬರಹವೂ ಅಷ್ಟೇ. ವಯಸ್ಸಾದಂತೆ ಸ್ನಾಯು ಕರಗಿ, ಕೊಬ್ಬು ಸೇರಿ, ತೂಕ ಹಾಗೇ ಇರಬಹುದು. ಈ ಸವೆತಕ್ಕೆ 'ಸಾರ್ಕೊಪೀನಿಯಾ' ಎಂಬ ಹೆಸರನ್ನು ಅಮೆರಿಕದ ವೈದ್ಯವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಇಟ್ಟಿದ್ದೇ 1980ರ ದಶಕದ ಕೊನೆಗೆ.

ಸ್ನಾಯು ಅಂದರೆ ಬರೀ ಎತ್ತುವ, ನಡೆಯುವ ಬಲ ಅಲ್ಲ. ಅದು ದೇಹದ ಪ್ರೋಟೀನ್ ಕಣಜ. ಆಪರೇಷನ್ ಆದ ಮೇಲೆ ಗಾಯ ಮಾಯಲು, ಸೋಂಕಿನ ವಿರುದ್ಧ ಹೋರಾಡಲು ದೇಹ ಆ ಕಣಜವನ್ನೇ ತೋಡುತ್ತದೆ. ಕಣಜ ಖಾಲಿಯಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ಕೆಮ್ಮಿ ಕಫ ತೆಗೆಯಲೂ ಶಕ್ತಿ ಸಾಲದೆ ನ್ಯುಮೋನಿಯಾ ಹಿಡಿಯುತ್ತದೆ.

ಅಳೆಯುವ ದಾರಿ ತೋರಿಸಿದ್ದು ಸಿಟಿ ಸ್ಕ್ಯಾನ್. ತಮಾಷೆ ಅಂದರೆ, ಕ್ಯಾನ್ಸರ್ ರೋಗಿಗಳಿಗೆ ಅದನ್ನು ಹೇಗೂ ಮಾಡಿಸಿರುತ್ತಾರೆ. ಬೆನ್ನುಮೂಳೆಯ ಸೊಂಟದ ಭಾಗದಲ್ಲಿರುವ ಮೂರನೇ ಮಣಿಯ ಮಟ್ಟದ ಒಂದೇ ಚಿತ್ರದಿಂದ ಇಡೀ ಮೈಯ ಸ್ನಾಯುವಿನ ಅಂದಾಜು ಸಿಗುತ್ತದೆ. ಸ್ನಾಯುವಿನೊಳಗೆ ಕೊಬ್ಬು ನುಗ್ಗಿದ್ದರೆ ಅದು ಚಿತ್ರದಲ್ಲಿ ಕಪ್ಪಗಾಗಿ ಕಾಣುತ್ತದೆ. 2008ರಲ್ಲಿ ಕೆನಡಾದ ಕಾರ್ಲಾ ಪ್ರಾಡೊ ತಂಡ ದಪ್ಪಗಿದ್ದ ಕ್ಯಾನ್ಸರ್ ರೋಗಿಗಳನ್ನು ಹೀಗೆ ನೋಡಿತು. ಅವರಲ್ಲೇ ಸ್ನಾಯು ಸೊರಗಿದ್ದವರು ಬೇಗ ಸಾಯುತ್ತಿದ್ದರು. 2010ರಲ್ಲಿ ಮಿಷಿಗನ್‌ನ ಸರ್ಜನ್‌ಗಳು ಲಿವರ್ ಕಸಿ ಮಾಡಿಸಿಕೊಂಡವರ ಬೆನ್ನುಮೂಳೆಯ ಪಕ್ಕದ ಸೋಅಸ್ ಸ್ನಾಯುವನ್ನು ಅಳೆದರು. ಅದು ಸಣ್ಣದಿದ್ದವರಲ್ಲಿ ಸಾವು ಜಾಸ್ತಿ.

ಸ್ನಾಯು ಇಷ್ಟಕ್ಕಿಂತ ಕಡಿಮೆ ಇದ್ದರೆ ಸೊರಗಿದೆ ಅನ್ನುವ ಕೆನಡಾದ ಗಡಿರೇಖೆಗಳನ್ನು ನಮ್ಮವರ ಮೇಲೆ ಸುಮ್ನೆ ಹೇರುವಂತಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್‌ನ ಡಾ. ಯಡ್ಕಿನ್ 2004ರಲ್ಲಿ ತಮ್ಮ ಫೋಟೋವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ಅದಕ್ಕೇ ಏಷ್ಯಾದ ತಜ್ಞರು ತಮ್ಮದೇ ಗಡಿ ಹಾಕಿಕೊಂಡರು. 2019ರ ಪಟ್ಟಿಯಂತೆ ಕೈಹಿಡಿತದ ಬಲ ಗಂಡಸರಲ್ಲಿ 28 ಕೆ.ಜಿ., ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಇದ್ದರೆ ಸಾರ್ಕೊಪೀನಿಯಾ ಇರಬಹುದೆಂದು ಅನುಮಾನಪಡಬೇಕು. ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೂ ಅಷ್ಟೇ. ಇದಕ್ಕೆ ಸ್ಕ್ಯಾನ್ ಬೇಡ, ಕುರ್ಚಿ ಸಾಕು ಅಲ್ವಾ?

ಸ್ನಾಯು ಕಡಿಮೆ ಅಂತ ಆಪರೇಷನ್ ಬೇಡ ಅನ್ನುವುದು ತಪ್ಪು ಓದು. ಸಮಯವಿದ್ದರೆ ಕೆಲವು ವಾರ ಪ್ರೋಟೀನ್ ಊಟ, ವ್ಯಾಯಾಮ ಮಾಡಿಸಿ ರೋಗಿಯನ್ನು ತಯಾರು ಮಾಡಬಹುದು. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಗೆ ಮಾತ್ರ ಆ ಸಮಯ ಇರುವುದಿಲ್ಲ. ಒಂದೆರಡು ದಿನದಲ್ಲೇ ಆಪರೇಷನ್ ಆಗಬೇಕು, ಇದ್ದ ಕಣಜದಲ್ಲೇ.