ಹಲಾಲ್ ಪ್ರವಾಸೋದ್ಯಮ: ಲೊಂಬೊಕ್‌ನ ಹೋಟೆಲ್ ಕೋಣೆಯಿಂದ ಕಾನೂನಿನವರೆಗೆ

ಹಲಾಲ್ ಪ್ರವಾಸೋದ್ಯಮ ಅಂದ ಕೂಡಲೇ ಹಲವರು ಹಜ್, ಉಮ್ರಾ ಯಾತ್ರೆ ಅಂದುಕೊಳ್ಳುತ್ತಾರೆ. ಅದಲ್ಲ. ಕಡಲತೀರ ನೋಡಲು, ಬೆಟ್ಟ ಹತ್ತಲು, ಮಧುಚಂದ್ರಕ್ಕೆ ಅಂತ ಸುಮ್ನೆ ಊರು ಸುತ್ತಲು ಹೊರಟ ಮುಸ್ಲಿಂ ಕುಟುಂಬ ಊಟಕ್ಕೆ, ನಮಾಜಿಗೆ ಪರದಾಡದ ಹಾಗೆ ನೋಡಿಕೊಳ್ಳುವುದು ಇದರ ಕೆಲಸ. ಓದಿ ತಿಳಿಯೋಕೆ ನಾನು ಆರಿಸಿಕೊಂಡಿದ್ದು ಇಂಡೋನೇಷ್ಯಾದ ಲೊಂಬೊಕ್ ದ್ವೀಪ. ಇಲ್ಲಿ ಪ್ರಯೋಗವೂ ಇದೆ, ಜಗಳವೂ ಇದೆ.

ಲೊಂಬೊಕ್ ಇರುವುದು ಬಾಲಿಯ ಪಕ್ಕದಲ್ಲೇ. ಬಾಲಿಯಲ್ಲಿ ಹಿಂದೂಗಳು ಹೆಚ್ಚು, ಇಲ್ಲಿ ಸಸಾಕ್ ಮುಸ್ಲಿಮರು. 'ಸಾವಿರ ಮಸೀದಿಗಳ ದ್ವೀಪ' ಅಂತ ಇದಕ್ಕೆ ಹೆಸರು. 2015ರಲ್ಲಿ ಅಬುಧಾಬಿಯಲ್ಲಿ ಅತ್ಯುತ್ತಮ ಹಲಾಲ್ ಪ್ರವಾಸಿ ತಾಣ ಅಂತ ಪ್ರಶಸ್ತಿ ಬಂತು. ಮರುವರ್ಷವೇ, ಲೊಂಬೊಕ್ ಸೇರಿರುವ ಪಶ್ಚಿಮ ನುಸಾ ತೆಂಗಾರ ಪ್ರಾಂತ್ಯ ಹಲಾಲ್ ಪ್ರವಾಸೋದ್ಯಮಕ್ಕೆಂದೇ ಒಂದು ನಿಯಮ ತಂದಿತು. ಅದನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಾಮೂಲಿ ಹೋಟೆಲ್‌ಗಳಿಂದ ಅದು ಕೇಳುವುದು ಸಣ್ಣಪುಟ್ಟ ಸೌಲಭ್ಯಗಳನ್ನು: ಕೋಣೆಯಲ್ಲಿ ಕಿಬ್ಲಾ (ನಮಾಜಿಗೆ ಮುಖ ಮಾಡುವ) ದಿಕ್ಕಿನ ಗುರುತು, ಹತ್ತಿರದ ಮಸೀದಿಯ ಮಾಹಿತಿ, ನಮಾಜಿಗೆ ಜಾಗ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವುಝೂ (ನಮಾಜಿಗೆ ಮುಂಚೆ ಕೈ, ಮುಖ, ಪಾದ ತೊಳೆಯುವ) ಸ್ಥಳ, ಯಾವ ತಿನಿಸು ಹಲಾಲ್, ಯಾವುದು ಅಲ್ಲ ಅನ್ನುವ ಬರಹ. ಅದೇ ಪ್ರಾಂತ್ಯದ ಗಿಲಿ ಟ್ರವಾಂಗನ್ ದ್ವೀಪದ ಬಾರುಗಳಲ್ಲಿ ಇದಾದ ಮೇಲೂ ಬಿಯರ್ ಸಿಗುತ್ತಿದೆ.

ಈಗ ಕೋಣೆಯೊಳಗೆ ಹೋಗೋಣ. ಈ ವಿಷಯವನ್ನು ಪರೀಕ್ಷೆಗೆ ಓದುವವರು ಸರಿಯಾಗಿ ನೋಡದೆ ಓಡಿಸಿಬಿಡುವ ಭಾಗ ಇದೇ.

ಕಿಬ್ಲಾ ಅಂದರೆ ಮೆಕ್ಕಾದ ಕಾಬಾ ಇರುವ ದಿಕ್ಕು. ನಮ್ಮ ಕಡೆ ಅದು ಪಶ್ಚಿಮ ಅಂತ ರೂಢಿ, ಸರಿಯಾಗಿ ನೋಡಿದರೆ ಸ್ವಲ್ಪ ಉತ್ತರಕ್ಕೆ ವಾಲುತ್ತದೆ. ಲೊಂಬೊಕ್‌ನಲ್ಲೂ ಸುಮಾರಾಗಿ ಹೀಗೇ. ಲಂಡನ್ನಿನಲ್ಲಾದರೆ ಅದು ಆಗ್ನೇಯ. ಹಾಗಾಗಿ ಒಂದು ಊರಿನ ಹೋಟೆಲಿನ ನಕ್ಷೆ ಇನ್ನೊಂದು ಊರಿಗೆ ಆಗದು. ಒಂದೇ ಹೋಟೆಲಿನಲ್ಲೂ ಎದುರುಬದುರು ಕೋಣೆಗಳಲ್ಲಿ ಬಾಣ ಬೇರೆ ಬೇರೆ ಗೋಡೆ ತೋರಿಸಬೇಕು. ಬಾಣವನ್ನು ಮೇಜಿಗೆ ಅಂಟಿಸಿದರೆ, ಗುಡಿಸುವವರು ಮೇಜು ತಿರುಗಿಸಿದ ದಿನ ಕಿಬ್ಲಾವೂ ತಿರುಗಿತು! ಚಾವಣಿಗೆ ಅಂಟಿಸುವ ರೂಢಿ ಇರುವುದು ಇದಕ್ಕೇ.

ವುಝೂ ಇನ್ನೊಂದು. ಕೈ, ಮುಖ ತೊಳೆಯೋದು ವಾಶ್‌ಬೇಸಿನ್‌ನಲ್ಲಿ ಆಗುತ್ತೆ. ಪಾದ? ಅತಿಥಿ ಒಂದು ಕಾಲೆತ್ತಿ ಬೇಸಿನ್ ಮೇಲೆ ಇಡಬೇಕಾಗುತ್ತದೆ. ನೆಲವೆಲ್ಲ ನೀರು, ವಯಸ್ಸಾದವರಿದ್ದರೆ ಜಾರಿ ಬೀಳುವ ಭಯ. ಕೆಳಗೊಂದು ನಲ್ಲಿ, ಕೂರಲು ಒಂದು ಸ್ಟೂಲು, ನೀರು ಹೋಗೋಕೆ ಜಾಲಿ ಇದ್ದರೆ ತೀರಿತು. ಬರೀ ಟಿಶ್ಯೂ ಇರುವ ಶೌಚಾಲಯಕ್ಕೆ ಒಂದು ಹ್ಯಾಂಡ್ ಶವರ್ ಹಾಕಿಸುವುದೂ ಇದೇ ಸಾಲಿಗೆ ಸೇರುತ್ತೆ. ರಂಜಾನ್ ತಿಂಗಳಲ್ಲಿ ಸಹರಿ ಊಟ ಬೆಳಗಾಗುವ ಮುನ್ನ ಸಿಗಬೇಕು. ಏಳು ಗಂಟೆಗೆ ಕೊಡುವ ತಿಂಡಿ ಉಪವಾಸ ಇರುವವರಿಗೆ ಪ್ರಯೋಜನಕ್ಕಿಲ್ಲ, ಅಲ್ವಾ?

ಅಡುಗೆಮನೆಯದು ಬೇರೆಯೇ ಕಥೆ. 'ನಾವು ಹಂದಿಮಾಂಸ ಮಾಡಲ್ಲ' ಅಂದರೆ ಸಾಲದು. ಕೋಳಿಯನ್ನು ಹೇಗೆ ಕೊಯ್ದರು, ಜೆಲ್ಲಿಯ ಜೆಲಾಟಿನ್ ಯಾವ ಪ್ರಾಣಿಯದು, ಸಾಸ್‌ಗೆ ಅಡುಗೆಯ ವೈನ್ ಸೇರಿಸಿದ್ದಾರಾ, ಬೇಕರಿಯಲ್ಲಿ ಬೆಣ್ಣೆ ಸವರುವ ಬ್ರಶ್ಶಿನ ಕೂದಲು ಹಂದಿಯದಾ, ಎಲ್ಲವನ್ನೂ ನೋಡುತ್ತಾರೆ. ಈ ಕೊನೆಯದು ಹೊಸಬರ ತಲೆಗೇ ಹೊಳೆಯುವುದಿಲ್ಲ.

ಸರ್ಕಾರದ ಕಡೆಗೆ ಬಂದರೆ ದಾರಿ ನೇರವಾಗಿಲ್ಲ. 2014ರಲ್ಲಿ ಇಂಡೋನೇಷ್ಯಾದ ಪ್ರವಾಸೋದ್ಯಮ ಸಚಿವಾಲಯ ಶರಿಯಾ (ಇಸ್ಲಾಮಿನ ಧರ್ಮನಿಯಮ) ಪಾಲಿಸುವ ಹೋಟೆಲ್‌ಗಳಿಗೆ ಹಿಲಾಲ್-1, ಹಿಲಾಲ್-2 ಅಂತ ಎರಡು ದರ್ಜೆ ಮಾಡಿತು. 2016ರಲ್ಲಿ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ದೇಶದ ಮುಸ್ಲಿಂ ಧರ್ಮಪಂಡಿತರ ಉಲೇಮಾ ಮಂಡಳಿಯ ಶರಿಯಾ ಸಮಿತಿ 108ನೇ ಫತ್ವಾ ಹೊರಡಿಸಿತು. ಅದರ ಪ್ರಕಾರ ಶರಿಯಾ ಹೋಟೆಲಿನ ಊಟಕ್ಕೆ ಹಲಾಲ್ ಪ್ರಮಾಣಪತ್ರ ಬೇಕು, ಸಿಬ್ಬಂದಿಯ ಉಡುಪು ಶರಿಯಾಕ್ಕೆ ಹೊಂದಬೇಕು, ಹಣದ ವ್ಯವಹಾರವೂ ಇಸ್ಲಾಮಿಕ್ ಬ್ಯಾಂಕಿನಲ್ಲೇ ಆಗಬೇಕು. ಪ್ರಾಂತ್ಯದ ನಿಯಮದ ಜೊತೆ ಇಟ್ಟು ನೋಡಿ. ಅಲ್ಲಿ ಅತಿಥಿಗೆ ಏನು ಬೇಕು ಅನ್ನುವ ಲೆಕ್ಕ, ಇಲ್ಲಿ ಮಾಲೀಕ ಹೇಗಿರಬೇಕು ಅನ್ನುವ ಲೆಕ್ಕ. ಎರಡನ್ನೂ ಬೆರೆಸಿ ಉತ್ತರ ಬರೆದರೆ ಗೊಂದಲ ಗ್ಯಾರಂಟಿ.

ಮಲೇಷ್ಯಾ ಹಿಡಿದಿದ್ದು ಮೊದಲನೇ ಲೆಕ್ಕಕ್ಕೆ ಹತ್ತಿರದ ದಾರಿ. ಅಲ್ಲಿನ ಎಂಎಸ್ 2610:2015 ಮಾನದಂಡ ವಸತಿ, ಪ್ರವಾಸ ಪ್ಯಾಕೇಜು, ಗೈಡ್ ಮೂರನ್ನೂ ಒಳಗೊಂಡಿದೆ. ಗೈಡ್ ಯಾಕೆ ಅಂದರೆ ದಿನದ ಸುತ್ತಾಟದಲ್ಲಿ ನಮಾಜಿನ ಹೊತ್ತಿಗೆ ಬಸ್ಸು ಎಲ್ಲಿ ನಿಲ್ಲಬೇಕು ಅಂತ ನೋಡಿಕೊಳ್ಳುವವರು ಅವರೇ. ದೂರ ಪ್ರಯಾಣ ಮಾಡುವವರು ನಾಲ್ಕು ರಕಾತಿನ (ರಕಾತ್ ಅಂದರೆ ನಮಾಜಿನ ಒಂದು ಸುತ್ತು) ನಮಾಜನ್ನು ಎರಡಕ್ಕೆ ಇಳಿಸಬಹುದು. ಮಧ್ಯಾಹ್ನ, ಸಂಜೆಯ ನಮಾಜುಗಳನ್ನು ಒಟ್ಟಿಗೆ ಮಾಡಲು ಅವಕಾಶ ಕೊಡುವ ಪಂಥಗಳೂ ಇವೆ. ಇದು ಗೊತ್ತಿರುವ ಗೈಡ್ ವೇಳಾಪಟ್ಟಿಯನ್ನು ಸಲೀಸಾಗಿ ಹೊಂದಿಸುತ್ತಾನೆ.

ಸೌಲಭ್ಯ ಕೊಡುವುದು ಬೇರೆ, ಇಡೀ ಊರಿಗೆ ಹಲಾಲ್ ಪಟ್ಟ ಕಟ್ಟುವುದು ಬೇರೆ. ಉತ್ತರ ಸುಮಾತ್ರಾದ ತೋಬಾ ಸರೋವರದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಅಲ್ಲಿ ಹೆಚ್ಚಿನವರು ಕ್ರೈಸ್ತ ಬಾಟಕ್ ಜನ, ಅವರ ಹಬ್ಬ-ಮದುವೆಗಳಲ್ಲಿ ಹಂದಿಮಾಂಸ ಇದ್ದದ್ದೇ. 2019ರಲ್ಲಿ ಹಲಾಲ್ ಪ್ರವಾಸೋದ್ಯಮದ ಮಾತು ಬಂದಾಗ ಜನ ತಿರುಗಿಬಿದ್ದರು. ಆ ಅಕ್ಟೋಬರ್‌ನಲ್ಲಿ ಸರೋವರದ ದಡದಲ್ಲಿ ಹಂದಿ ಉತ್ಸವವೇ ನಡೆಯಿತು. ಒಂದು ನಮಾಜು ಕೋಣೆ, ನಾಲ್ಕು ಹಲಾಲ್ ಹೋಟೆಲು ಅಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಇಂಡೋನೇಷ್ಯಾದ 2014ರ ಹಲಾಲ್ ಉತ್ಪನ್ನ ಕಾನೂನಿನಲ್ಲೂ ಈ ಬೇರ್ಪಡಿಕೆ ಇದೆ. ಹಲಾಲ್ ಅಲ್ಲದ್ದನ್ನು ಮಾರಬಾರದು ಅಂತ ಅದು ಹೇಳುವುದಿಲ್ಲ. ಮಾರಿ, ಆದರೆ ಹಲಾಲ್ ಅಲ್ಲ ಅಂತ ಅದರ ಮೇಲೆ ಬರೆಯಿರಿ ಅನ್ನುತ್ತದೆ.